ಬೇಲಿಯೂ ಫಲ ಕೊಡಲಿ

ನಗರದ ಬೇಲಿ ಯಾರದು? ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಬೆಂಗಳೂರಿನ ದಂಡು ಪ್ರದೇಶದಿಂದ ಕೃಷ್ಣರಾಜಪುರದವರೆಗೆ ಉದ್ಯಾನ, ಶಾಲೆ, ಆಸ್ಪತ್ರೆ, ಕೆರೆಯಂಗಳಗಳ ಬೇಲಿಗಳನ್ನೆಲ್ಲ ಕೂಡಿಸಿದರೆ ಅದು ಮೈಲಿಗಟ್ಟಲೆ ಉದ್ದದ ಸಾರ್ವಜನಿಕ ನೆಲ. ಆ ನೆಲದಲ್ಲಿ ಕವಳಿ, ಎಲಚಿ, ಕಾರೆಯಂಥ ನಮ್ಮ ಹಣ್ಣಿನ ಪೊದೆಗಳು ಬೆಳೆಯಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಇಂದು ಅಲ್ಲಿ ಬೆಳೆಯುತ್ತಿರುವುದೇನು? ಎಲ್ಲಿ ನೋಡಿದರೂ ಕತ್ತರಿ ಹಾಕಿ ಚೌಕ ಮಾಡಿದ, ಹಳದಿ ಎಲೆಯ ಡುರಂಟ. ಅಮೆರಿಕದ ಕಡೆಯಿಂದ ಬಂದ ಈ ಗಿಡದ ಹಣ್ಣು ಮನುಷ್ಯರಿಗೆ ವಿಷ. ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದೇ ತಂದ ಲಂಟಾನದ ಕಥೆಯಿಂದಲೂ ನಾವು ಪಾಠ ಕಲಿಯಲಿಲ್ಲ. ತೋಟ ದಾಟಿದ ಆ ಗಿಡ ಬಂಡೀಪುರದ ಕಾಡಿಗೂ ನುಗ್ಗಿ, ಅಲ್ಲಿಯ ಹುಲ್ಲನ್ನೂ ಪೊದೆಗಳನ್ನೂ ಅಡಗಿಸಿತು.

1809ರಲ್ಲಿ ದಂಡು ಸ್ಥಾಪನೆಯಾದದ್ದು ಹಲಸೂರಿನ ಸುತ್ತಿನ ಹಳ್ಳಿಗಳ ನೆಲದಲ್ಲಿ. ಪೂರ್ವದ ಹಳ್ಳಿಗಳಿಗೆ ಗುಂಡುತೋಪು, ಗೋಮಾಳ, ಹೊಲದ ಬದುಗಳಿದ್ದವು. ದನ ಕಾಯುವ ಹುಡುಗ ಬದುವಿನ ಕಾರೆ ಹಣ್ಣನ್ನು ಯಾರ ಅಪ್ಪಣೆಯನ್ನೂ ಕೇಳದೆ ತಿನ್ನುತ್ತಿದ್ದ. ಹಳ್ಳಿಗಳು ಬಡಾವಣೆಗಳಾದಾಗ ಹೊಲಕ್ಕೆ ಬೆಲೆ ಕಟ್ಟಿದರು. ಬದುವಿನ ಹಣ್ಣಿಗೆ ಯಾರು ಕಟ್ಟುತ್ತಾರೆ? ಒಡೆಯನಿಲ್ಲದ ಹಣ್ಣು ಬಡವರ ಮಕ್ಕಳ ಹಣ್ಣು. ಅದು ಕಾಣೆಯಾದಾಗ ದೂರು ಕೊಡುವವರೂ ಇರಲಿಲ್ಲ.

ಕನ್ನಡಿಗರ ಕವಳಿಯನ್ನೇ ಶಿವಾಜಿನಗರದ ತಮಿಳರು ಕಳಾಕ್ಕಾಯಿ ಎಂದೂ ಉರ್ದು ಮನೆಮಾತಿನವರು ಕರೋಂದ ಎಂದೂ ಕರೆಯುತ್ತಾರೆ. ಮೂವರ ಉಪ್ಪಿನಕಾಯಿಗೂ ಅದು ಒದಗುತ್ತದೆ. ಬೇಕರಿಯ ಕೇಕಿನ ಮೇಲಿನ ಕೆಂಪು ‘ಚೆರಿ’ ಬಹುಮಟ್ಟಿಗೆ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿಟ್ಟ ಕವಳಿಯೇ! ವಿಲಾಯಿತಿ ಹೆಸರಿಟ್ಟುಕೊಂಡರೆ ಗಾಜಿನ ಪೆಟ್ಟಿಗೆಯಲ್ಲಿ ಸ್ಥಾನ. ಸ್ವಂತ ಹೆಸರಿನಲ್ಲಿ ಬಂದರೆ ಕಾಡುಹಣ್ಣು. ಸಂಕ್ರಾಂತಿಯಲ್ಲಿ ಮಕ್ಕಳ ತಲೆಗೆ ಎರೆಯುವ ಎಲಚಿಯನ್ನೂ ಈಗ ಕಾಸು ಕೊಟ್ಟೇ ತರಬೇಕು.

ಈ ಫಲದಲ್ಲಿ ಪಾಲುದಾರರು ಇನ್ನೂ ಇದ್ದಾರೆ. ಎಲಚಿ ಚಳಿಗಾಲಕ್ಕೆ, ಕವಳಿ ಬೇಸಿಗೆಯ ಕೊನೆಯಿಂದ ಮಳೆಗಾಲದ ಮೊದಲವರೆಗೆ ಹಣ್ಣಾಗುತ್ತವೆ. ಪಿಕಳಾರ, ಗೊರವಂಕಗಳು ಹಣ್ಣು ತಿನ್ನುತ್ತವೆ. ಮುಳ್ಳಿನ ಒಡಲಲ್ಲಿ ಗೂಡು ಕಟ್ಟಿದ ಹಕ್ಕಿಗೆ ಬೆಕ್ಕಿನ ಭಯ ಕಡಿಮೆ. ಕಪ್ಪು ಚುಕ್ಕೆಯ ಬಿಳಿಯ ಪುಟ್ಟ ಚಿಟ್ಟೆಯೊಂದರ ಹುಳು ಎಲಚಿಯ ಎಲೆ ತಿಂದೇ ಬೆಳೆಯುತ್ತದೆ.

2025ರಲ್ಲಿ ದಂಡು ರೈಲ್ವೆ ಕಾಲೊನಿಯ ಮುನ್ನೂರಕ್ಕೂ ಹೆಚ್ಚು ಮರಗಳನ್ನು ಉಳಿಸಲು ನಾಗರಿಕರು ಎದ್ದು ನಿಂತದ್ದು ಮೆಚ್ಚತಕ್ಕ ಸಂಗತಿ. ಮರಕ್ಕೆ 1976ರ ಮರ ಸಂರಕ್ಷಣಾ ಕಾಯಿದೆಯ ಆಸರೆಯೂ ಉಂಟು. ಪೊದೆಯ ಪರವಾಗಿ ಮಾತನಾಡುವವರು ಯಾರು? ‘ಸ್ವಚ್ಛತೆ’ಯ ಹೆಸರಿನಲ್ಲಿ ಮೊದಲು ಕತ್ತಿ ಬೀಳುವುದು ಅದರ ಮೇಲೆಯೇ.

ಮುಳ್ಳು ಚುಚ್ಚುವುದಿಲ್ಲವೇ ಎಂದು ಕೆಲವರು ಕೇಳಿಯಾರು. ಬೇಲಿಯ ಧರ್ಮವೇ ಅದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬಂದಾಗ ಬೆಂಗಳೂರು ಪೇಟೆಯ ಕಾವಲಿಗೆ ಕಂದಕದೊಡನೆ ದಟ್ಟವಾದ ಮುಳ್ಳುಪೊದೆಗಳೂ ಇದ್ದವು. ಉದ್ಯಾನಕ್ಕೆ ದನ ನುಗ್ಗದಂತೆ ಕಾಯುವುದು ಮುಳ್ಳಿಗೆ ಕಷ್ಟವೇ? ಆದರೆ ಮಕ್ಕಳು ಆಡುವ ಜಾಗದ ಅಂಚಿಗೆ ಅದು ಬೇಡ. ಹೊಗೆ ತುಂಬಿದ ಹೆದ್ದಾರಿಯ ನಡುವೆಯೂ ಬೇಡ. ಅಲ್ಲಿಯ ಹಣ್ಣು ತಿನ್ನಲು ಯೋಗ್ಯವಲ್ಲ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಕವಳಿಯ ಬೀಜ ಬೇಗ ಸತ್ವ ಕಳೆದುಕೊಳ್ಳುವುದರಿಂದ ಹಣ್ಣಿನಿಂದ ತೆಗೆದೊಡನೆ ಬಿತ್ತಬೇಕು. ಮರುವರ್ಷದ ಮುಂಗಾರಿನಲ್ಲಿ ಮೂರಡಿಗೊಂದರಂತೆ ಸಸಿ ನೆಟ್ಟು, ಮೊದಲ ಬೇಸಿಗೆಯಲ್ಲಿ ನೀರುಣಿಸಿದರೆ, ಮೂರನೆಯ ವರ್ಷದ ಸುಮಾರಿಗೆ ಫಲ ಕಾಣಬಹುದು.

2025ರಲ್ಲಿ ಬೆಂಗಳೂರನ್ನು ಐದು ನಗರಪಾಲಿಕೆಗಳಾಗಿ ವಿಂಗಡಿಸಲಾಯಿತು. ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೃಷ್ಣರಾಜಪುರ ಪೂರ್ವ ಪಾಲಿಕೆಗೆ ಸೇರಿದವು. ಎರಡನ್ನೂ ನಾವು ಒತ್ತಾಯಿಸುವುದಿಷ್ಟೆ: ಪಾಲಿಕೆಯ ಸಸಿತೋಟದಲ್ಲಿ ಈ ಪೊದೆಗಳನ್ನು ಬೆಳೆಸಿ ಶಾಲೆಗಳಿಗೆ ಉಚಿತವಾಗಿ ಕೊಡಲಿ, ಹಳೆಯ ಬೇಲಿ ಕಿತ್ತಲ್ಲೆಲ್ಲ ಇವನ್ನೇ ನೆಡಲಿ. ರಾಜಧಾನಿಯ ಉದ್ಯಾನಗಳನ್ನು ನೋಡಿ ನಕಲು ಮಾಡುವ ನಮ್ಮ ಜಿಲ್ಲೆಯ ಪುರಸಭೆಗಳಿಗೂ ಈ ಮಾತು ಸಲ್ಲುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಈ ಬೇಲಿಗಳ ಫಲವನ್ನು ಯಾವ ಕಂಟ್ರಾಕ್ಟರನಿಗೂ ಹರಾಜು ಹಾಕಕೂಡದು. ದಾರಿಹೋಕನೂ ಶಾಲೆಯ ಮಗುವೂ ಕೈಚಾಚಿ ಕಿತ್ತುಕೊಳ್ಳುವಂತಿರಬೇಕು. ಎಟುಕದ ಕೊಂಬೆಯದು ಹಕ್ಕಿಗಳ ಪಾಲು.