ನೂಲಿನಂತೆ ಸೀರೆ ಅಂದವರು ಮಗ್ಗ ನೋಡಿದ್ದರೆ?

ಬಾಳೆಹೊಸೂರಿನ ಕಟ್ಟೆಯ ಮೇಲೆ ಯಾರ ಮಗ ಚೆನ್ನಾಗಿ ಹಾಡಿದರೂ, ಲೆಕ್ಕ ಮಾಡಿದರೂ, ಗಳೆ ಹೂಡಿದರೂ ತೀರ್ಪು ಒಂದೇ: ‘ಅದು ರಕ್ತದಾಗ ಬಂದೈತಿ ಬಿಡ್ರಿ.’ ಹುಡುಗ ಕೆಟ್ಟರೂ ಅದೇ ತೀರ್ಪು. ದನಿ ಮಾತ್ರ ಸ್ವಲ್ಪ ತಗ್ಗುತ್ತದೆ.

2004ರಲ್ಲಿ ಶುರುವಾದ ‘ಸ್ಟಾರ್‌ಗೇಟ್ ಅಟ್ಲಾಂಟಿಸ್’ ಎಂಬ ಟಿ.ವಿ. ಧಾರಾವಾಹಿ ಈ ಕಟ್ಟೆಯ ಮಾತನ್ನೇ ಆಕಾಶಕ್ಕೆ ಹಾರಿಸಿತು. ಪ್ರಾಚೀನರೆಂಬ ಅನ್ಯಲೋಕದ ಜನ ಬಿಟ್ಟುಹೋದ ಯಂತ್ರಗಳು ಅವರದೊಂದು ವಂಶವಾಹಿ ಮೈಯಲ್ಲಿದ್ದವರಿಗೆ ಮಾತ್ರ ಎಚ್ಚರಗೊಳ್ಳುತ್ತವೆ. ಅಂಟಾರ್ಕ್ಟಿಕಾಕ್ಕೆ ಹೆಲಿಕಾಪ್ಟರ್ ಓಡಿಸಿಕೊಂಡು ಬಂದ ಜಾನ್ ಶೆಪರ್ಡ್ ಏನೂ ಅರಿಯದೆ ಒಂದು ಕುರ್ಚಿಯಲ್ಲಿ ಕೂರುತ್ತಾನೆ, ಕುರ್ಚಿ ಬೆಳಗುತ್ತದೆ. ಆ ಯಂತ್ರಗಳಿಗಾಗಿಯೇ ತಲೆ ಕೆಡಿಸಿಕೊಂಡ ಭೌತವಿಜ್ಞಾನಿ ರಾಡ್ನಿ ಮೆಕೇಗೆ ಆ ಭಾಗ್ಯವಿಲ್ಲ. ಕೊನೆಗೆ ವೈದ್ಯ ಕಾರ್ಸನ್ ಬೆಕೆಟ್ ಕೊಟ್ಟ ಚಿಕಿತ್ಸೆಯಿಂದ ಆ ವಂಶವಾಹಿ ಅವನ ಮೈ ಸೇರುತ್ತದೆ. ಕಲಿತವನು ಬಾಗಿಲ ಹೊರಗೆ, ಹುಟ್ಟಿದವನು ಒಳಗೆ. ಇದನ್ನು ಭವಿಷ್ಯದ ಕಥೆ ಎಂದು ಕರೆಯಲು ನನಗೆ ಸಂಕೋಚ. ಹನ್ನೆರಡನೆಯ ಶತಮಾನದ ಶರಣರು ಜಗಳವಾಡಿದ್ದು ಈ ಕುಲದ ಬೀಗದ ಜೊತೆಗೇ.

ಇದೇ ಕಥೆಯನ್ನು ನಮ್ಮ ಸರ್ಕಾರವೂ ಒಮ್ಮೆ ನಂಬಿತ್ತು. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದವರು ಉತ್ತರ ಕನ್ನಡದ ಸಿದ್ದಿ ಹಾಡಿಗಳಿಗೆ ಬಂದರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು, ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸುತ್ತ ಇದ್ದಾರೆ. ಆಫ್ರಿಕಾದ ರಕ್ತವಿದೆ, ಅಂದಮೇಲೆ ಒಲಿಂಪಿಕ್ ಪದಕವೂ ಅದರೊಳಗೇ ಮಲಗಿರಬೇಕು ಎಂಬುದು ಲೆಕ್ಕ. ವಿಶೇಷ ಪ್ರದೇಶ ಕ್ರೀಡಾ ಯೋಜನೆ ಎಂಬ ಹೆಸರಿನಲ್ಲಿ ಮಕ್ಕಳನ್ನು ಆರಿಸಿ ತರಬೇತಿ ಕೇಂದ್ರಗಳಿಗೆ ಒಯ್ದರು.

ಮಕ್ಕಳು ಓಡಿದರು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. 1993ರ ಹೊತ್ತಿಗೆ ಯೋಜನೆ ನಿಂತಿತು. ಹೆಚ್ಚಿನವರು ಊರಿಗೆ ಮರಳಿದರು, ಕೂಲಿಗೆ ಹೋದರು. ಇಲ್ಲಿ ನನ್ನನ್ನು ಕಾಡುವುದು ಒಂದೇ ಪ್ರಶ್ನೆ. ಓಡಿಸಿದ್ದು ರಕ್ತವೇ ಆಗಿದ್ದರೆ ಯೋಜನೆ ನಿಂತ ಮರುದಿನವೂ ಅದು ಓಡಿಸಬೇಕಿತ್ತಲ್ಲ? ರಕ್ತ ಹಾಡಿಯಲ್ಲೇ ಇತ್ತು. ಇಲ್ಲವಾದದ್ದು ಬೂಟು, ಮೈದಾನ, ಹೊಟ್ಟೆ ತುಂಬ ಊಟ, ಬೆಳಗ್ಗೆ ಎಬ್ಬಿಸುವ ತರಬೇತುದಾರ.

ಇನ್ನೊಂದು ಮಾತು. ರಕ್ತದಲ್ಲಿ ಕೀಲಿ ಕಂಡವರು ಯಾವ ಬಾಗಿಲು ಎಂಬುದನ್ನೂ ತಾವೇ ನಿಶ್ಚಯಿಸುತ್ತಾರೆ. ಸಿದ್ದಿ ಮಕ್ಕಳನ್ನು ಓಟಕ್ಕೆಂದು ಹುಡುಕಿಕೊಂಡು ಬಂದವರಿದ್ದರು. ಗಣಿತಕ್ಕೆಂದು ಯಾರೂ ಬರಲಿಲ್ಲ. ಓದಿಗೆ ಆಸರೆಯಾಗುವ ಪರಿಶಿಷ್ಟ ಪಂಗಡದ ಪಟ್ಟಿಗೆ ಉತ್ತರ ಕನ್ನಡದ ಸಿದ್ದಿಗಳು ಸೇರಿದ್ದು, ಓಟದ ಯೋಜನೆ ನಿಂತ ಎಷ್ಟೋ ವರ್ಷಗಳ ಮೇಲೆ, 2003ರಲ್ಲಿ. ಮೈಯನ್ನು ಹೊಗಳುವ ಭರದಲ್ಲಿ ತಲೆಯನ್ನು ಮರೆಯುವುದು ಸುಲಭ.

ಹಾಗಾದರೆ ವಂಶವಾಹಿ ಬರೀ ಸುಳ್ಳೇ? ಅಲ್ಲ. 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಎಸಿಟಿಎನ್3 ಎಂಬ ವಂಶವಾಹಿಯ ಒಂದು ರೂಪ ಉತ್ತಮ ಮಟ್ಟದ ವೇಗದ ಓಟಗಾರರಲ್ಲಿ ಹೆಚ್ಚಾಗಿ ಕಾಣುತ್ತದೆಂದು ತೋರಿಸಿದರು. ಆದರೆ ಆ ರೂಪ ಜಗತ್ತಿನ ಬಹುಪಾಲು ಜನರಲ್ಲಿದೆ, ಬಸ್ಸು ತಪ್ಪಿಸಿಕೊಳ್ಳುವವರಲ್ಲೂ. ಒಂದೇ ವಂಶವಾಹಿ ನೇರವಾಗಿ ಬದುಕಿಗೆ ಕೈಹಾಕುವುದನ್ನು ನೋಡಬೇಕಾದರೆ ಸಾಗರ ತಾಲ್ಲೂಕಿನ ಹಂದಿಗೋಡಿಗೆ ಹೋಗಬೇಕು. 1970ರ ದಶಕದಲ್ಲಿ ಅಲ್ಲಿ ಬೆಳಕಿಗೆ ಬಂದ ಕೀಲುಗಳ ಕಾಯಿಲೆ ತಂದೆ ತಾಯಿಯರಿಂದ ಮಕ್ಕಳಿಗೆ ಇಳಿಯುತ್ತದೆ, ನಡೆಯುವ ಶಕ್ತಿಯನ್ನೇ ಕಸಿಯುತ್ತದೆ. ಒಂದು ಎಳೆ ಕಡಿದರೆ ಸೀರೆ ಕೆಡುತ್ತದೆ. ಒಂದು ಎಳೆಯಿಂದ ಸೀರೆಯಾಗುವುದಿಲ್ಲ.

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಕಟ್ಟಿದವರು ನೇಕಾರರಾಗಿರಲಿಕ್ಕಿಲ್ಲ ಎಂದು ನನ್ನ ಗುಮಾನಿ. ಬೆಟಗೇರಿಯ ಮಗ್ಗದ ಮನೆಗಳಲ್ಲಿ ಕೇಳಿ ನೋಡಿ. ನೂಲು ಹುರಿಗೊಳ್ಳಬೇಕು, ಬಣ್ಣ ಕುಡಿಯಬೇಕು, ಹಾಸು ಬಿಗಿಯಬೇಕು, ಹೊಕ್ಕು ಹಾಯಬೇಕು. ಒಂದೇ ಲಡಿಯ ನೂಲು ಇಬ್ಬರ ಕೈಯಲ್ಲಿ ಎರಡು ಸೀರೆಯಾಗುತ್ತದೆ.

ನಮ್ಮ ಕಡೆ ಇದಕ್ಕೆ ಸಾಕ್ಷಿ ಸಂಗೀತ. ಘರಾಣೆ ಎಂದರೇನೇ ಮನೆ. ವಿದ್ಯೆ ಮನೆಯೊಳಗೇ, ಮಗನಿಗೆ, ಅಳಿಯನಿಗೆ ಎಂಬ ಕಟ್ಟು. ಪ್ರಾಚೀನರ ಕುರ್ಚಿಗಿಂತ ಕಮ್ಮಿಯ ಬೀಗವಲ್ಲ ಅದು. ಆದರೂ ಅಲ್ಲಾದಿಯಾ ಖಾನರ ಜೈಪುರ-ಅತ್ರೌಲಿ ಗಾಯನ ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಿಂದ ಧಾರವಾಡದ ಬಗಲಿನ ಮನಸೂರಿನ ಮಲ್ಲಿಕಾರ್ಜುನರಿಗೆ ಬಂತು. ಯಾವ ರಕ್ತಸಂಬಂಧ? ಕಿರಾನಾದ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗದುಗಿನ ಹುಡುಗ ಭೀಮಸೇನ ಜೋಶಿಯವರಿಗೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಂತೂ, ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕುರುಡ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು ಊಟ ಹಾಕಿ ಸ್ವರ ಕಲಿಸಿದರು. ನಿನ್ನಪ್ಪ ಹಾಡುತ್ತಿದ್ದನೇ ಎಂದು ಅಲ್ಲಿ ಬಾಗಿಲಲ್ಲಿ ತಡೆಯಲಿಲ್ಲ. 2010ರಲ್ಲಿ ಪುಟ್ಟರಾಜರು ತೀರಿಕೊಂಡಾಗ ಗದುಗಿಗೆ ಹರಿದುಬಂದ ಜನಸಾಗರದಲ್ಲಿ ಅವರ ಮೈಯ ಮಕ್ಕಳು ಒಬ್ಬರೂ ಇರಲಿಲ್ಲ. ವಿದ್ಯೆಯ ಮಕ್ಕಳನ್ನು ಎಣಿಸಿದವರಿಲ್ಲ.

ಮತ್ತೆ ಆ ಕುರ್ಚಿಗೆ ಬರೋಣ. ನಾವು ಶೆಪರ್ಡನ ಮೈಯನ್ನು ಬೆರಗಿನಿಂದ ನೋಡುತ್ತೇವೆ, ಬೀಗ ಮಾಡಿದವರನ್ನು ಮರೆಯುತ್ತೇವೆ. ಯಂತ್ರಕ್ಕೆ ಶೆಪರ್ಡನ ಯೋಗ್ಯತೆ ಗೊತ್ತಿಲ್ಲ. ತನ್ನನ್ನು ಕಟ್ಟಿದವರ ಕುಲ ಮಾತ್ರ ಗೊತ್ತು. ಪ್ರಾಚೀನರು ತಮ್ಮವರಲ್ಲದವರಿಗೆ ತೆರೆಯದಂತೆ ಅದನ್ನು ಮಾಡಿದ್ದರು, ಅಷ್ಟೆ. ಬೆಕೆಟ್‌ನ ಮದ್ದು ಮೈಗೆ ಹತ್ತಿದ ದಿನ ಮೆಕೇ ಏನೂ ಹೊಸದಾಗಿ ಕಲಿಯಲಿಲ್ಲ. ಅವನಿಗೆ ಗೊತ್ತಿದ್ದದ್ದೆಲ್ಲ ಹಿಂದಿನ ದಿನವೂ ಗೊತ್ತಿತ್ತು.