ಹಂಡೆ ಕೀಳುವ ಮುಂಚೆ ಒಂದು ಮಾತು

ಊರಿನ ಮನೆ ರಿಪೇರಿ ಅಂದ ಕೂಡಲೇ ನಾವು ಮುಂಬೈ-ಪುಣೆ ಸೇರಿದವರು ಮೊದಲು ಕೈ ಹಾಕೋದು ಬಚ್ಚಲುಮನೆಗೆ. ಗೋಡೆಗೆ ಟೈಲ್ಸ್, ಮೇಲೊಂದು ಗೀಸರ್. ಹಂಡೆ? ಗುಜರಿಯವನಿಗೆ! ತಾಮ್ರಕ್ಕೆ ಒಳ್ಳೆ ರೇಟು ಬಂತು ಎನ್ನುವ ಸಮಾಧಾನ ಬೇರೆ. ಅಪ್ಪ-ಅಮ್ಮ ಸುಖವಾಗಿರಲಿ ಅನ್ನೋ ಉದ್ದೇಶ ಒಳ್ಳೆಯದೇ. ಆದರೆ ಇಪ್ಪತ್ತೈದು ವರ್ಷದಿಂದ ಇಲ್ಲಿ ಸ್ವಿಚ್ ಒತ್ತಿ ಸ್ನಾನ ಮಾಡುತ್ತಿರುವ ನನ್ನ ಅಭಿಪ್ರಾಯ ಇಷ್ಟೇ: ಕೀಳುವ ಮುಂಚೆ ಅದು ಹೇಗೆ ಕೆಲಸ ಮಾಡುತ್ತಿತ್ತು ಅಂತ ಒಮ್ಮೆ ನೋಡಿ.

ಹಂಡೆಯ ಆಕಾರವನ್ನೇ ತೆಗೆದುಕೊಳ್ಳಿ. ಹೊಟ್ಟೆ ಅಗಲ, ಬಾಯಿ ಕಿರಿದು. ಉರಿ ದುಂಡನೆಯ ತಳವನ್ನೆಲ್ಲ ತಬ್ಬಿಕೊಂಡು ಮೇಲೇರುತ್ತದೆ, ಬಾಯಿ ಚಿಕ್ಕದಾದ್ದರಿಂದ ಆವಿಯಾಗಿ ಹೋಗುವ ಶಾಖ ಕಡಿಮೆ. ತಾಮ್ರ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಸುತ್ತಲಿನ ದಪ್ಪ ಮಣ್ಣಿನ ಕಟ್ಟೆ ಬಿಸಿಯನ್ನು ಹಿಡಿದಿಡುತ್ತದೆ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟರೆ ಬೆಳಗ್ಗೆ ನೀರು ಇನ್ನೂ ಉಗುರು ಬೆಚ್ಚಗೆ. ಒಂದು ಚೊಂಬು ಬಿಸಿನೀರು ತೆಗೆದವರು ಒಂದು ಚೊಂಬು ತಣ್ಣೀರು ತುಂಬಬೇಕು ಎಂಬ ನಿಯಮ ಪಾಲಿಸಿದರೆ ಹತ್ತು ಜನರ ಮನೆಗೂ ಸಾಲುತ್ತಿತ್ತು. ಉರುವಲೋ? ನಮ್ಮ ಮಲೆನಾಡಿನ ಕಡೆ ಅಡಿಕೆ ಸೋಗೆ, ಕಾಯಿ ಸಿಪ್ಪೆ, ಕರಟ, ತರಗೆಲೆ. ತೋಟದ ಕಸವೇ ಬಿಸಿನೀರು, ಉಳಿದ ಬೂದಿ ಪಾತ್ರೆಗೆ ಮತ್ತು ಗಿಡದ ಬುಡಕ್ಕೆ. ದೀಪಾವಳಿಯ ನೀರು ತುಂಬುವ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಿಂಡ್ಲೆಕಾಯಿ ಬಳ್ಳಿ ಸುತ್ತಿ ಹಂಡೆಗೆ ಪೂಜೆ ಮಾಡುತ್ತಿದ್ದುದು ಸುಮ್ಮನೆ ಅಲ್ಲ.

ಮಹಾರಾಷ್ಟ್ರದವರ ‘ಬಂಬ’ವೂ ಇದೇ ಕುಲದ್ದು. ತಾಮ್ರದ ಉದ್ದನೆಯ ಡ್ರಮ್ಮು, ನಟ್ಟನಡುವೆ ಒಂದು ಕೊಳವೆ. ಕೆಳಗೆ ಬೆಂಕಿ, ಉರಿ, ಹೊಗೆ ಎರಡೂ ಆ ಕೊಳವೆಯಲ್ಲೇ ಮೇಲೇರಿ ಸುತ್ತಲಿನ ನೀರನ್ನು ಕಾಯಿಸುತ್ತವೆ. ಬೆಂಕಿಯನ್ನು ನೀರಿನ ಹೊಟ್ಟೆಯೊಳಗೇ ಇಟ್ಟ ಜಾಣತನ ಅದು.

ಹಾಗಂತ ಎಲ್ಲ ಚೆನ್ನಾಗಿತ್ತು ಅನ್ನಲಾರೆ. ಹಂಡೆಯ ಬಗ್ಗೆ ಹೆಚ್ಚು ಹಂಬಲಿಸುವವರು ಸಾಮಾನ್ಯವಾಗಿ ಒಲೆ ಊದದ ಗಂಡಸರು! ಒದ್ದೆ ಸೋಗೆ ಊದಿ ಕಣ್ಣು ಉರಿಸಿಕೊಂಡವರು ಅಮ್ಮ, ಅತ್ತೆ, ಚಿಕ್ಕಮ್ಮಂದಿರು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಎಷ್ಟೋ ಅಡುಗೆಮನೆಗಳಿಗೆ ಗ್ಯಾಸ್ ಬಂತು. ಬಚ್ಚಲ ಒಲೆ ಮಾತ್ರ ಬಹಳ ಕಡೆ ಸೌದೆಯಲ್ಲೇ ಉಳಿಯಿತು. ಆದರೆ ತಪ್ಪು ಹಂಡೆಯದಲ್ಲ, ಒಲೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ತಮ್ಮ ಅಸ್ತ್ರ ಒಲೆಯಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಬೆಂಕಿಗೆ ಕೆಳಗಿನಿಂದ ಗಾಳಿ ಸಿಗುವಂತೆ ಜಾಲರಿ, ಹೊಗೆ ಹೊರಹೋಗಲು ಚಿಮಣಿ. ಸೌದೆಯೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ.

ಇನ್ನು ಗೀಸರ್ ಲೆಕ್ಕ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಹೆಚ್ಚುಕಮ್ಮಿ ಒಂದು ಯೂನಿಟ್ ಕರೆಂಟ್ ಬೇಕು. ಆ ಕರೆಂಟು ರಾಯಚೂರಿನಂಥ ಕಲ್ಲಿದ್ದಲು ಸ್ಥಾವರದ್ದಾದರೆ, ಅಲ್ಲಿ ಸುಟ್ಟ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲಷ್ಟೇ ಕರೆಂಟಾಗುತ್ತದೆ, ಉಳಿದದ್ದು ವ್ಯರ್ಥ. ಅಂದರೆ ಹೊಗೆ ನಿಂತಿಲ್ಲ ಸ್ವಾಮಿ, ನಮ್ಮ ಬಚ್ಚಲಿಂದ ಇನ್ನೊಬ್ಬರ ಊರಿಗೆ ಹೋಯಿತು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಎಪ್ಪತ್ತು ದಾಟಿದ ಅಪ್ಪನಿಗೆ ಬಿಸಿನೀರು ಎಲ್ಲಿಂದ?

ಕೆಲವರು ಗ್ಯಾಸ್ ಗೀಸರ್ ಹಾಕಿಸುತ್ತಾರೆ. ದಯವಿಟ್ಟು ಒಂದು ಮಾತು ಕೇಳಿ. ಗಾಳಿಯಾಡದ ಬಚ್ಚಲಿನೊಳಗೆ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆಸುತ್ತು ಅಂತ ಅನ್ನಿಸುವಷ್ಟರಲ್ಲಿ ಎಚ್ಚರ ತಪ್ಪಿರುತ್ತದೆ. ಹಳೆಯ ಬಚ್ಚಲಿಗೆ ಹೆಂಚಿನ ಸಂದಿಯಾದರೂ ಇತ್ತು; ನಾವು ಟೈಲ್ಸ್ ಹಾಕಿ ಎಲ್ಲ ಮುಚ್ಚಿದ್ದೇವೆ. ಹಾಕಲೇಬೇಕಿದ್ದರೆ ಬಚ್ಚಲಿನ ಹೊರಗೆ ಹಾಕಿಸಿ.

ಹಾಗಾದರೆ ಏನು ಮಾಡಬೇಕು? ಸೂರ್ಯನನ್ನು ನಂಬಿ, ಆದರೆ ಪೂರ್ತಿ ಅಲ್ಲ. ಬಿಸಿನೀರು ಹಗುರ, ತಣ್ಣೀರು ಭಾರ ಎಂಬ ಸರಳ ತತ್ವದಲ್ಲೇ ಸೋಲಾರ್ ಹೀಟರ್ ನಡೆಯುತ್ತದೆ. ಕಾದ ನೀರು ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುತ್ತದೆ, ಪಂಪೂ ಬೇಡ, ಕರೆಂಟೂ ಬೇಡ. ಒಂದು ಸಣ್ಣ ಸಂಸಾರಕ್ಕೆ 100 ಲೀಟರ್ ಸಾಕು. ಬೆಂಗಳೂರಿನ ತಾರಸಿಗಳಲ್ಲಿ ಇದು ಮಾಮೂಲು. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡು, ಕರಾವಳಿಯಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ! ಎಂಟು ತಿಂಗಳು ಸೋಲಾರ್, ನಾಲ್ಕು ತಿಂಗಳು ಚಿಮಣಿ ಇರುವ ಒಲೆಯ ಮೇಲೆ ಹಂಡೆ. ಎರಡೂ ಒಂದಕ್ಕೊಂದು ಶತ್ರುವಲ್ಲ, ಜೋಡಿ.

ನಮ್ಮ ಇಲ್ಲಿಯ ಫ್ಲ್ಯಾಟುಗಳಲ್ಲಿ ಹಂಡೆ ಸಾಧ್ಯವಿಲ್ಲ, ಗೊತ್ತು. ಹಾಗೆಂದು ಇಲ್ಲಿನ ಅನಿವಾರ್ಯವನ್ನು ಊರಿಗೆ ಹೊತ್ತೊಯ್ದು ಅಭಿವೃದ್ಧಿ ಅನ್ನಬೇಕೆ? ಮುಂದಿನ ಸಲ ರಜೆಗೆ ಹೋದಾಗ ಗಾರೆಯವನನ್ನು ಕರೆಸಿ. ಹಂಡೆ ಕೀಳಲಿಕ್ಕಲ್ಲ, ಒಲೆಗೊಂದು ಚಿಮಣಿ ಕಟ್ಟಲಿಕ್ಕೆ. ಅದಕ್ಕೂ ಮುಂಚೆ, ಹೊಗೆ ಕುಡಿದವರು ಅಮ್ಮ ತಾನೇ, ಅವರನ್ನೇ ಒಂದು ಮಾತು ಕೇಳಿ.