ಕಾಂಪೌಂಡಿನ ಮೇಲಿನ ಕಂಬಳಿಹುಳ

ಗೃಹಪ್ರವೇಶವೊಂದರಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ತಮ್ಮ ಬಡಾವಣೆಯ ಗುಣಗಾನ ಮಾಡುತ್ತಿದ್ದರು. “ನಮ್ಮಲ್ಲಿ ಅಕ್ಕಪಕ್ಕದವರ ಕಾಟವೇ ಇಲ್ಲ ಸಾರ್. ಆರು ವರ್ಷ ಆಯ್ತು, ಒಂದು ದಿನ ಜಗಳ ಅಂತ ಆಗಿಲ್ಲ. ಅವರ ಹೆಸರೂ ನಂಗೆ ಗೊತ್ತಿಲ್ಲ.” ಸುತ್ತ ಕೂತವರು ತಲೆದೂಗಿದರು. ನನಗೆ ಹೋಳಿಗೆ ಗಂಟಲಲ್ಲೇ ನಿಂತಿತು. ಹೆಸರೇ ಗೊತ್ತಿಲ್ಲದವರ ಜೊತೆ ಜಗಳವಾಗದಿದ್ದರೆ ಅದು ಹೊಂದಾಣಿಕೆ ಹೇಗಾಗುತ್ತದೆ? ರೈಲಿನಲ್ಲಿ ಎದುರು ಸೀಟಿನವರ ಜೊತೆಗೂ ನಾವು ಜಗಳವಾಡುವುದಿಲ್ಲ.

ಜಗಳವೇ ಇಲ್ಲದ ನೆರೆಹೊರೆಯನ್ನು ನಾನು ನಂಬುವುದಿಲ್ಲ. 30×40ರ ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿಕೊಂಡ ಮೇಲೆ ಒಬ್ಬರ ಒಗ್ಗರಣೆಯ ಘಾಟು ಇನ್ನೊಬ್ಬರ ದೇವರಮನೆಗೆ ಹೋಗಿಯೇ ಹೋಗುತ್ತದೆ. ಅದನ್ನು ತಡೆದುಕೊಳ್ಳಲು ಇಬ್ಬರ ನಡುವೆ ಮೊದಲೇ ಏನಾದರೂ ನಡೆದಿರಬೇಕು: ಹೆಪ್ಪಿಗೆ ಒಂದು ಚಮಚ ಮೊಸರು, ಊರಿಗೆ ಹೋಗುವಾಗ ಕೊಟ್ಟುಹೋದ ಬೀಗದ ಕೈ, ಸಂಕ್ರಾಂತಿಯ ಎಳ್ಳು. ಇದೊಂದೂ ಇಲ್ಲದ ಕಡೆ ಆಡುವ ಮೊದಲ ಮಾತೇ ದೂರಾಗುತ್ತದೆ. ಅದೂ ಠಾಣೆಯಲ್ಲಿ.

ಉಪದೇಶ ಮಾಡುವ ಯೋಗ್ಯತೆ ನನಗೂ ಇಲ್ಲ. ನಮ್ಮ ಪಕ್ಕದ ಮನೆಯಲ್ಲೊಂದು ನುಗ್ಗೆಮರವಿದೆ. ಮಳೆ ಹಿಡಿದರೆ ಸಾಕು, ಕಂಬಳಿಹುಳಗಳು ಹಗಲೆಲ್ಲ ಕಾಂಡಕ್ಕೆ ಗುಂಪಾಗಿ ಅಂಟಿಕೊಂಡಿರುತ್ತವೆ. ದೂರದಿಂದ ನೋಡಿದರೆ ತೊಗಟೆಗೇ ಕೂದಲು ಬಂದಂತಿರುತ್ತದೆ. ರಾತ್ರಿ ಸೊಪ್ಪು ಮೇಯುತ್ತವೆ. ಸೊಪ್ಪು ಮುಗಿದರೆ ಕಾಂಪೌಂಡು ದಾಟಿ ನಮ್ಮ ಬಟ್ಟೆ ಒಣಗುವ ಹಗ್ಗಕ್ಕೆ ಬರುತ್ತವೆ. ಒಂದು ಜುಲೈಯಲ್ಲಿ ಮಗನ ಬನಿಯನ್ನಿನೊಳಗೆ ಒಂದು ಸೇರಿಕೊಂಡು ಅವನ ಬೆನ್ನೆಲ್ಲ ದದ್ದೆದ್ದಿತು. ಸಿಟ್ಟಿನಲ್ಲಿ ವಕೀಲ ಗೆಳೆಯನಿಗೆ ಫೋನ್ ಮಾಡಿದೆ. ಎರಡೇ ದಿನದಲ್ಲಿ ನೋಟಿಸಿನ ಕರಡು ಬಂತು. ‘ಉಪದ್ರವ’ ಎಂಬ ಪದ ಅದರಲ್ಲಿ ನಾಲ್ಕು ಸಲ. ಓದಿದ ಹೆಂಡತಿ ಕೇಳಿದ್ದು ಒಂದೇ: “ಆಂಟಿಗೆ ಒಂದು ಮಾತು ಹೇಳಿದ್ರಾ?” ಹೇಳಿರಲಿಲ್ಲ. ನಮ್ಮ ಕಡೆ ಬಾಗಿದ್ದ ಕೊಂಬೆಯ ಕಾಯಿ ಕಿತ್ತು ನಾಲ್ಕು ವರ್ಷ ಸಾಂಬಾರು ಉಂಡವನಿಗೆ ಅಷ್ಟೂ ಹೊಳೆದಿರಲಿಲ್ಲ.

ಒಂದು ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಹಳೆಯ ನೆರೆಹೊರೆ ನಾವು ಹೊಗಳುವಷ್ಟು ಚೆನ್ನಾಗಿರಲಿಲ್ಲ. ಬಾಡಿಗೆಗೆ ಬಂದವರ ಜಾತಿ ಕೇಳಿದ್ದು, ಅಡುಗೆಮನೆ ಮೂಸಿದ್ದು, ಹೆಣ್ಣುಮಗಳು ಎಷ್ಟು ಹೊತ್ತಿಗೆ ಮನೆಗೆ ಬಂದಳೆಂದು ಲೆಕ್ಕ ಇಟ್ಟದ್ದು ಎಲ್ಲ ಅದೇ ನೆರೆಹೊರೆ. ಊರ ಹಿರಿಯರ ಪಂಚಾಯಿತಿಯ ತೀರ್ಮಾನ ಎಷ್ಟೋ ಸಲ ಜಮೀನಿದ್ದವನ ಕಡೆಗೇ ವಾಲುತ್ತಿತ್ತು. ಅದರಿಂದ ತಪ್ಪಿಸಿಕೊಂಡು ಪಟ್ಟಣಕ್ಕೆ ಬಂದವರಿಗೆ ಹೆಸರು ಕೇಳದ ನೆರೆಯೇ ಬಿಡುಗಡೆ. ‘ಕೂತು ಬಗೆಹರಿಸಿಕೊಳ್ಳಿ’ ಎಂದರೆ ಸೊಲ್ಲೆತ್ತಲಾಗದವರ ಕಿವಿಗೆ ‘ಸಹಿಸಿಕೊಳ್ಳಿ’ ಎಂದೇ ಕೇಳುತ್ತದೆ. ಹೊಡೆತ, ಬೆದರಿಕೆ, ಜಾತಿನಿಂದನೆ ಇರುವಲ್ಲಿ ಪೊಲೀಸರೇ ಬರಬೇಕು. ಅಲ್ಲಿ ಹಿರಿಯರಿಗೆ ಕೆಲಸವಿಲ್ಲ. ಆದರೆ ಕಂಬಳಿಹುಳಕ್ಕೆ?

ತನ್ನ ಕೈ ಎಲ್ಲಿಯವರೆಗೆ ಎಟುಕುತ್ತದೆಂದು ಕಾನೂನಿಗೂ ಗೊತ್ತಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಬೆಳಿಗ್ಗೆ ಐದೂವರೆಗೆ ಮೇಲಿನ ಮನೆಯಲ್ಲಿ ತಿರುಗುವ ಮಿಕ್ಸಿಗೆ ಯಾರು ಮೀಟರ್ ಹಿಡಿಯುತ್ತಾರೆ? ಆರೂಕಾಲರ ಸ್ಕೂಲ್ ಬಸ್ಸಿಗೆ ಹೊರಡುವ ಹುಡುಗಿಯ ಡಬ್ಬಿಗೆ ಆ ಚಟ್ನಿ ಎಂದು ಗೊತ್ತಾದರೆ ಅದೇ ಸದ್ದು ಅರ್ಧಕ್ಕೆ ಇಳಿಯುತ್ತದೆ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆಂದೇ ಒಂದು ಅಧ್ಯಾಯವಿದೆ: ಬಡಾವಣೆಯ ನೆಮ್ಮದಿ ಕೆಡಿಸುವಂಥ ವ್ಯಾಜ್ಯಕ್ಕೆ ಮೂವರು ಮಧ್ಯಸ್ಥರು, ಅದೂ ಎರಡೂ ಕಡೆಯವರು ಮೊದಲೇ ಒಪ್ಪಿದರೆ. ಅಲ್ಲಿ ಆದ ಒಪ್ಪಂದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿಲ್ಲ. “ಹಲ್ಲು ಕಿತ್ತ ಹಾವು” ಎಂದು ವಕೀಲ ಗೆಳೆಯ ನಕ್ಕ. ನನಗೆ ಅದೇ ಪ್ರಾಮಾಣಿಕ ಎನಿಸಿತು. ಡಿಕ್ರಿ ಹಿಡಿದು ಬಂದವನೂ ಸಂಜೆ ಅದೇ ಗೇಟು ತೆಗೆಯಬೇಕಲ್ಲ! ಗೆದ್ದವ ಸೋತ, ಸೋತವ ಸತ್ತ ಎಂಬ ಮಾತು ಕೋರ್ಟಿನ ಮೆಟ್ಟಿಲು ಸವೆಸಿದವರ ಬಾಯಿಂದಲೇ ಬಂದಿರಬೇಕು.

ಗೇಟಿಗೆ ಕ್ಯಾಮೆರಾ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಬಳಿ ಕೊನೆಗೆ ಜಗಳದ ವಿಡಿಯೊ ಉಳಿಯುತ್ತದೆ, ಅಷ್ಟೆ.

ನೋಟಿಸು ಮೇಜಿನ ಡ್ರಾಯರಿನಲ್ಲೇ ಇದೆ. ಆ ಸಂಜೆ ಹೋಗಿ ಹೇಳಿದಾಗ ಆಂಟಿ ರೇಗಿದರು. “ಏನಪ್ಪಾ, ಕಾಯಿ ಬೇಕು, ಹುಳ ಬೇಡ್ವಾ?” ಉತ್ತರವಿರಲಿಲ್ಲ. ವಾರದ ಮೇಲೆ ನಮ್ಮ ಕಡೆಯ ಕೊಂಬೆ ಕಡಿಸಿದರು. ಕೂಲಿಯಲ್ಲಿ ಅರ್ಧ ನನ್ನಿಂದ ವಸೂಲು ಮಾಡಿದರು. ಈಗ ನಮಗೆ ಕಾಯಿ ಇಲ್ಲ, ಹುಳ ಮಾತ್ರ ಬರುವುದು ನಿಂತಿಲ್ಲ. ಈ ಮಳೆಗಾಲವೂ ಒಂದು ಸಂಜೆ ಗೋಡೆಯಾಚೆಯಿಂದ ನನ್ನ ಹೆಂಡತಿಗೆ ಕೂಗು ಬಂತು: “ಹುಳ ಹೊರಟಿದೆ ಕಣೇ, ಬಟ್ಟೆ ಒಳಗೆ ಹಾಕ್ಕೋ!”